ಹಿಟ್ಟಿನ ಕೋಳಿಯೂ ಪರದೆಯ ಮೇಲಿನ ವಧೆಯೂ

ಪಾಠಶಾಲೆಯಲ್ಲಿ ಶ್ರಾವಕನ ಹನ್ನೆರಡು ವ್ರತಗಳ ವಿವೇಚನೆ ನಡೆಯುತ್ತಿದ್ದಾಗ ಒಬ್ಬ ಯುವಕನು ಎದ್ದು ನಿಂತು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. ಆತ ಎಂಜಿನಿಯರಿಂಗ್ ವಿದ್ಯಾರ್ಥಿ. ಸೂರ್ಯಾಸ್ತದ ನಂತರ ಆಹಾರ ಸೇವಿಸುವವನಲ್ಲ; ಸೋಸದ ನೀರನ್ನು ಕುಡಿಯುವವನಲ್ಲ; ಕಂದಮೂಲಗಳನ್ನು ಮುಟ್ಟುವವನಲ್ಲ. ಅವನು ಕೇಳಿದ್ದು ಇಷ್ಟು: "ಗಣಕಯಂತ್ರದ ಆಟಗಳಲ್ಲಿ ನಾನು ಈವರೆಗೆ ಸಾವಿರಾರು ಪ್ರಾಣಿಗಳನ್ನೂ ಮನುಷ್ಯರನ್ನೂ ಕೊಂದಿದ್ದೇನೆ. ಅವುಗಳಲ್ಲಿ ಒಂದಕ್ಕೂ ಜೀವವಿರಲಿಲ್ಲ. ನನಗೆ ದೋಷವುಂಟೆ?" ಕೆಲವರು ನಕ್ಕರು. ನನಗೆ ನಗು ಬರಲಿಲ್ಲ, ಉತ್ತರವೂ ತೋಚಲಿಲ್ಲ. ಆಟವಾಡುವ ವಯಸ್ಸು ನನ್ನದಲ್ಲವಾದರೂ ಆ ಯುವಕನನ್ನೇ ಗುರುವಾಗಿಟ್ಟುಕೊಂಡು ಕೆಲವು ತಿಂಗಳು ಈ ಆಟಗಳ ಸ್ವರೂಪವನ್ನೂ ಇತಿಹಾಸವನ್ನೂ ತಿಳಿಯಲು ಪ್ರಯತ್ನಿಸಿದೆ. ತಿಳಿದಷ್ಟನ್ನು ವಾಚಕರ ಮುಂದಿಡುತ್ತಿದ್ದೇನೆ.

ಈ ಆಟಗಳ ಕುರಿತು ಹಿರಿಯರು ಸಾಮಾನ್ಯವಾಗಿ ಆಡುವ ಮಾತುಗಳು, ಎಂದರೆ ಕಾಲಹರಣ, ಕಣ್ಣಿಗೆ ಹಾನಿ, ಓದಿನಲ್ಲಿ ಹಿನ್ನಡೆ ಇತ್ಯಾದಿ, ಇಲ್ಲಿ ಪ್ರಸ್ತುತವಲ್ಲ. ಪರದೆಯ ಮೇಲೆ ಕೊಲ್ಲುವವನು ನಾಳೆ ಬೀದಿಯಲ್ಲಿಯೂ ಕೈಯೆತ್ತುವನೆ ಎಂಬ ಚರ್ಚೆಯೂ ಪಾಶ್ಚಾತ್ಯರಲ್ಲಿ ಬಹುಕಾಲದಿಂದ ನಡೆದಿದೆ. ಅದು ಸಮಾಜದ ಪ್ರಶ್ನೆ. ಯುವಕನು ಕೇಳಿದ್ದು ಅದಕ್ಕಿಂತ ಸೂಕ್ಷ್ಮವಾದುದು. ನಾಳೆ ಏನಾಗುವುದೆಂಬುದನ್ನು ಬದಿಗಿರಿಸಿ, ಕೊಲ್ಲುವ ಗುಂಡಿಯನ್ನು ಒತ್ತುವ ಆ ಕ್ಷಣದಲ್ಲಿಯೇ ಆತ್ಮನಿಗೆ ಏನಾಗುತ್ತದೆ ಎಂಬುದು ಅವನ ಜಿಜ್ಞಾಸೆ.

ಕನ್ನಡ ಬಲ್ಲ ಜೈನನಿಗೆ ಈ ಪ್ರಶ್ನೆ ಹೊಸದಲ್ಲ. ಜನ್ನ ಕವಿಯು 1209ರಲ್ಲಿ ರಚಿಸಿದ 'ಯಶೋಧರ ಚರಿತೆ'ಯ ತಿರುಳೇ ಇದು. ಕೆಟ್ಟ ಕನಸಿನ ಶಾಂತಿಗಾಗಿ ದೇವಿಗೆ ಬಲಿ ಕೊಡಬೇಕೆಂದು ತಾಯಿ ಚಂದ್ರಮತಿ ಒತ್ತಾಯಿಸಿದಾಗ, ಜೀವವಧೆಗೆ ಒಪ್ಪದ ಯಶೋಧರನು ಕೊನೆಗೆ ತಾಯಿಯ ಮಾತನ್ನು ಮೀರಲಾರದೆ ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ರಕ್ತವಿಲ್ಲ, ಪ್ರಾಣವಿಲ್ಲ; ಅಡುಗೆಮನೆಯ ಹಿಟ್ಟು ಮಾತ್ರ. ಆದರೂ ತಾಯಿ ಮಗ ಇಬ್ಬರೂ ನವಿಲಾಗಿ ನಾಯಾಗಿ ಹುಟ್ಟಿ, ಭವಭವಗಳಲ್ಲಿ ತೊಳಲಿ, ಕೊಲ್ಲುತ್ತ ಕೊಲ್ಲಿಸಿಕೊಳ್ಳುತ್ತ ಸಾಗಬೇಕಾಯಿತು. ಬಾಲ್ಯದಲ್ಲಿ ಈ ಕಥೆಯನ್ನು ಕೇಳಿದಾಗ ನನಗೆ ಇದು ಅನ್ಯಾಯವೆಂದೇ ತೋರಿತ್ತು. ಹಿಟ್ಟಿಗೆ ಇಷ್ಟು ಶಿಕ್ಷೆಯೇ? ಬಲಿಯ ಫಲವನ್ನು ಬಯಸಿ, ಕೊಲ್ಲುವೆನೆಂಬ ಸಂಕಲ್ಪದಿಂದ ಕತ್ತಿ ಎತ್ತಿದ್ದಕ್ಕೆ ಆ ಶಿಕ್ಷೆ, ಕತ್ತರಿಸಿದ ವಸ್ತು ಯಾವುದೆಂಬುದಕ್ಕಲ್ಲ ಎಂಬುದು ಬಹಳ ತಡವಾಗಿ ಅರ್ಥವಾಯಿತು.

ದ್ರವ್ಯಹಿಂಸೆ ಬೇರೆ, ಭಾವಹಿಂಸೆ ಬೇರೆ ಎಂಬುದನ್ನು ಪೂರ್ವಾಚಾರ್ಯರು ಅನೇಕ ದೃಷ್ಟಾಂತಗಳಿಂದ ತಿಳಿಸಿದ್ದಾರೆ. ದಿನವಿಡೀ ಬಲೆ ಬೀಸಿಯೂ ಒಂದು ಮೀನನ್ನೂ ಹಿಡಿಯದ ಬೆಸ್ತನು ಹಿಂಸಕ. ನೇಗಿಲಿನ ಅಡಿಯಲ್ಲಿ ಎಷ್ಟೋ ಕ್ರಿಮಿಗಳು ಸತ್ತರೂ ಬೆಳೆಯ ಮೇಲೆಯೇ ಮನವಿಟ್ಟ ಒಕ್ಕಲಿಗನು ಆ ಪ್ರಮಾಣದ ಪಾಪಕ್ಕೆ ಭಾಗಿಯಲ್ಲ. ಮಹಾಮತ್ಸ್ಯದ ಬಳಿಯಲ್ಲಿದ್ದುಕೊಂಡು, ಅದರ ಬಾಯಿಂದ ತಪ್ಪಿಸಿಕೊಂಡು ಹೋಗುವ ಮೀನುಗಳನ್ನು ಕಂಡು "ನಾನಾಗಿದ್ದರೆ ಒಂದನ್ನೂ ಬಿಡುತ್ತಿರಲಿಲ್ಲ" ಎಂದು ಚಿಂತಿಸುವ ಅಕ್ಕಿಕಾಳಿನಷ್ಟು ಗಾತ್ರದ ತಂದುಲಮತ್ಸ್ಯವು ಒಂದನ್ನೂ ನುಂಗದೆಯೇ ಏಳನೆಯ ನರಕಕ್ಕೆ ಹೋಯಿತೆಂಬ ಕಥೆಯೂ ಎಲ್ಲರಿಗೂ ತಿಳಿದುದೇ. ಇವುಗಳ ಬಲದಿಂದ ಯುವಕನಿಗೆ "ದೋಷವುಂಟು" ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟುಬಿಡಬಹುದಿತ್ತು.

ಆದರೆ ಆ ತೀರ್ಪು ನಮ್ಮನ್ನೇ ಸುತ್ತಿಕೊಳ್ಳುತ್ತದೆ. ಚದುರಂಗದಲ್ಲಿ ಆನೆ ಕುದುರೆಗಳನ್ನು ಹೊಡೆಯುವವನು ಹಿಂಸಕನೆ? ಪಂಪ ರನ್ನರು ಜೈನರೇ. ಅವರ ಕಾವ್ಯಗಳ ಯುದ್ಧವರ್ಣನೆಯನ್ನು ಓದಿ ರೋಮಾಂಚಗೊಳ್ಳುವ ನಾವು, ದುರ್ಯೋಧನನ ತೊಡೆ ಮುರಿಯುವ ಭೀಮನ ಪಾತ್ರ ವಹಿಸುವ ನಟ, ಇವರೆಲ್ಲರ ಗತಿ ಏನು? ಆದುದರಿಂದ ಆಟವು ಆಡುವವನಿಂದ ಏನನ್ನು ಬೇಡುತ್ತದೆ, ಅವನಲ್ಲಿ ಯಾವ ಭಾವವನ್ನು ಬೆಳೆಸುತ್ತದೆ ಎಂಬುದನ್ನು ಮೊದಲು ನೋಡಬೇಕಾಗುತ್ತದೆ. ಅದಕ್ಕೆ ಈ ಆಟಗಳ ಮೂಲಕ್ಕೆ ಹೋಗಬೇಕು.

ಇಂದಿನ ಬಹುಪಾಲು ಆಟಗಳ ಅಸ್ಥಿಪಂಜರವು 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ಹೊರತಂದ 'ಡಂಜನ್ಸ್ ಅಂಡ್ ಡ್ರಾಗನ್ಸ್' ಎಂಬ ಆಟದಿಂದ ಬಂದುದು. ಅದಕ್ಕೆ ಗಣಕಯಂತ್ರ ಬೇಕಿರಲಿಲ್ಲ. ಕಾಗದ, ಪೆನ್ಸಿಲು, ದಾಳಗಳು ಸಾಕಾಗಿದ್ದವು. ಆಡುವವನು ಯೋಧನ ಅಥವಾ ಮಾಂತ್ರಿಕನ ಪಾತ್ರವನ್ನು ಧರಿಸುತ್ತಾನೆ. ಆದುದರಿಂದಲೇ ಇದಕ್ಕೆ ರೋಲ್ ಪ್ಲೇಯಿಂಗ್ ಗೇಮ್, ಎಂದರೆ ಪಾತ್ರಧಾರಣೆಯ ಆಟ, ಎಂದು ಹೆಸರು. ಆ ಪಾತ್ರದ ಬಲ, ಬುದ್ಧಿ, ಪ್ರಾಣಶಕ್ತಿ ಎಲ್ಲವೂ ಅಂಕಿಗಳಲ್ಲಿ ದಾಖಲಾಗುತ್ತವೆ. ರಾಕ್ಷಸರನ್ನು ಕೊಂದರೆ, ನಿಧಿಯನ್ನು ತಂದರೆ 'ಎಕ್ಸ್‌ಪೀರಿಯನ್ಸ್ ಪಾಯಿಂಟ್' ಎಂಬ ಅನುಭವಾಂಕಗಳು ದೊರೆಯುತ್ತವೆ. ಅವು ಕೂಡಿದಂತೆ ಪಾತ್ರವು ಒಂದು ಮಟ್ಟದಿಂದ ಮೇಲಿನ ಮಟ್ಟಕ್ಕೆ ಏರುತ್ತದೆ. ಮೂಲ ನಿಯಮಗಳಲ್ಲಿ ಒಂದು ಚಿನ್ನದ ನಾಣ್ಯಕ್ಕೆ ಒಂದು ಅನುಭವಾಂಕದ ಲೆಕ್ಕವಿತ್ತು. ಕೊಲೆಗಿಂತ ಪರಿಗ್ರಹವೇ ಅಲ್ಲಿ ಹೆಚ್ಚು ಲಾಭಕರವಾಗಿತ್ತೆಂಬುದು ನಮ್ಮವರ ಗಮನಕ್ಕೆ ಯೋಗ್ಯವಾದ ಸಂಗತಿ.

'ಅನುಭವ' ಎಂಬ ಶಬ್ದದ ಕುರಿತು ಇಲ್ಲಿ ಒಂದು ಮಾತು ಹೇಳದಿರಲಾರೆ. ನಮ್ಮ ಕರ್ಮಸಿದ್ಧಾಂತದಲ್ಲಿ ಅನುಭವವೆಂದರೆ ಕರ್ಮದ ವಿಪಾಕ, ಬಂಧವಾದ ಕರ್ಮವು ಫಲ ಕೊಡುವ ಶಕ್ತಿ. ಆಟದಲ್ಲಿ ಕೊಂದಷ್ಟೂ ಅನುಭವ ಹೆಚ್ಚುತ್ತದೆ ಎಂದು ಯುವಕನು ವಿವರಿಸಿದಾಗ, ತನಗರಿವಿಲ್ಲದೆ ಅವನು ಶಾಸ್ತ್ರವನ್ನೇ ಹೇಳುತ್ತಿದ್ದಾನೆಂದು ನನಗನ್ನಿಸಿತು.

ಕಾಗದದ ಆಟ ಬೇಗನೆ ಯಂತ್ರವನ್ನು ಸೇರಿತು. 1981ರಲ್ಲಿ ಎರಡು ಆಟಗಳು ಬಂದವು: ಆಂಡ್ರ್ಯೂ ಗ್ರೀನ್‌ಬರ್ಗ್ ಮತ್ತು ರಾಬರ್ಟ್ ವುಡ್‌ಹೆಡ್ ರಚಿಸಿದ 'ವಿಜರ್ಡ್ರಿ' ಹಾಗೂ ರಿಚರ್ಡ್ ಗ್ಯಾರಿಯಟ್ ಎಂಬ ತರುಣನ 'ಅಲ್ಟಿಮಾ'. ಇವೆರಡನ್ನೂ ಆಡಿ ಮೆಚ್ಚಿದ ಜಪಾನಿನ ಯೂಜಿ ಹೋರಿ ಎಂಬವರು 1986ರಲ್ಲಿ 'ಡ್ರಾಗನ್ ಕ್ವೆಸ್ಟ್' ಎಂಬ ಆಟವನ್ನು ರಚಿಸಿದರು. ಮರುವರ್ಷ ಹಿರೊನೊಬು ಸಕಾಗುಚಿ ಅವರ 'ಫೈನಲ್ ಫ್ಯಾಂಟಸಿ' ಬಂದಿತು. 'ಡ್ರಾಗನ್ ಕ್ವೆಸ್ಟ್'ನಲ್ಲಿ 'ಸ್ಲೈಮ್' ಎಂಬ, ನೀರಹನಿಯಂತಿರುವ ನಗುಮುಖದ ಜಂತುವೊಂದಿದೆ. ಅದನ್ನು ಕೊಂದರೆ ಒಂದು ಅನುಭವಾಂಕ. ಏಳು ಅಂಕಗಳಾದರೆ ಎರಡನೆಯ ಮಟ್ಟ. ಕೋಟೆಯ ಬಾಗಿಲಿನಲ್ಲಿಯೇ ಸುತ್ತುತ್ತ, ಏಳು, ಎಪ್ಪತ್ತು, ಏಳುನೂರು ಜಂತುಗಳನ್ನು ಒಂದಾದ ಮೇಲೊಂದು ಕೊಲ್ಲುತ್ತ ಹೋಗುವುದೇ ಆಡುವವನ ನಿತ್ಯಕರ್ಮ. ಆಟಗಾರರ ಭಾಷೆಯಲ್ಲಿ ಇದಕ್ಕೆ 'ಗ್ರೈಂಡಿಂಗ್', ಬೀಸುವುದು, ಎಂದು ಹೆಸರು. ಹಿಟ್ಟಿನ ನೆನಪು ಇಲ್ಲಿಯೂ ತಪ್ಪಲಿಲ್ಲ.

ಯುವಕನಿಗೆ ನಾನು ಕೇಳಿದೆ: "ಆ ಜಂತುವಿನ ಮೇಲೆ ನಿನಗೆ ಕೋಪವಿರುತ್ತದೆಯೇ?" "ಇಲ್ಲ, ಅದರ ಮುಖವನ್ನೂ ನೋಡುವುದಿಲ್ಲ, ಅಂಕಿಯನ್ನು ಮಾತ್ರ ನೋಡುತ್ತೇನೆ" ಎಂದನು. ನನ್ನ ಮಟ್ಟಿಗೆ ಈ ಉತ್ತರದಿಂದ ಅರ್ಧ ಸಮಸ್ಯೆ ಬಿಡಿಸಿತು. ಇಂಥ ಆಟದಲ್ಲಿ ಕೆಲಸ ಮಾಡುತ್ತಿರುವ ಕಷಾಯವು ಕ್ರೋಧವಲ್ಲ, ಲೋಭ. ಯಶೋಧರನಿಗೂ ಕೋಳಿಯ ಮೇಲೆ ಕೋಪವಿರಲಿಲ್ಲ. ಅವನಿಗೆ ಬೇಕಾಗಿದ್ದುದು ಬಲಿಯ ಫಲ. ಚದುರಂಗದ ಆನೆಯನ್ನು ಹೊಡೆದವನು ಆನೆಯ ಸಾವಿನಿಂದ ದೊಡ್ಡವನಾಗುವುದಿಲ್ಲ. ಆಟ ಮುಗಿದೊಡನೆ ಎಲ್ಲ ಕಾಯಿಗಳೂ ಒಂದೇ ಡಬ್ಬಿಯನ್ನು ಸೇರುತ್ತವೆ. ಇಲ್ಲಿಯಾದರೋ ಪ್ರತಿಯೊಂದು ವಧೆಯೂ ವೃದ್ಧಿಯಾಗಿ ಖಾತೆಗೆ ಜಮೆಯಾಗುತ್ತದೆ. ಕಾವ್ಯವನ್ನು ಓದುವವನಿಗೂ ಆಡುವವನಿಗೂ ಇರುವ ವ್ಯತ್ಯಾಸವೂ ಇಲ್ಲಿಯೇ ಸ್ಪಷ್ಟವಾಗುತ್ತದೆ. ಕೃತ, ಕಾರಿತ, ಅನುಮೋದಿತ ಎಂಬ ಮೂರರಲ್ಲಿ ಗದಾಯುದ್ಧದ ವಾಚಕನು ಹೆಚ್ಚೆಂದರೆ ಅನುಮೋದಕ. ಭೀಮನು ಗದೆಯನ್ನು ಎತ್ತಬೇಕೋ ಬೇಡವೋ ಎಂಬುದು ಅವನ ಕೈಯಲ್ಲಿಲ್ಲ. ಆಟಗಾರನ ಕೈಯಲ್ಲಿದೆ.

ಈ ವಧೆ ಮತ್ತು ವೃದ್ಧಿಯ ಗಣಿತವೇ ಹಳೆಯ ಪಾತ್ರಧಾರಣೆಯ ಆಟಗಳು ಮುಂದಿನವಕ್ಕೆ ಬಿಟ್ಟುಹೋದ ಅತಿ ದೊಡ್ಡ ಆಸ್ತಿ. 2007ರ 'ಕಾಲ್ ಆಫ್ ಡ್ಯೂಟಿ 4' ಎಂಬ ಬಂದೂಕಿನ ಆಟವು ಹಲವರು ಕೂಡಿ ಆಡುವ ತನ್ನ ಭಾಗದಲ್ಲಿ ಅನುಭವಾಂಕಗಳನ್ನೂ ಮಟ್ಟಗಳನ್ನೂ ಅಳವಡಿಸಿಕೊಂಡಿತು. ಕೊಂದಷ್ಟು ಪದವಿ, ಪದವಿಗೆ ತಕ್ಕ ಆಯುಧ. 2023ರಲ್ಲಿ ಬಂದು ಲೋಕದ ಮೆಚ್ಚುಗೆಯನ್ನು ಗಳಿಸಿದ 'ಬಾಲ್ಡರ್ಸ್ ಗೇಟ್ 3' ನೇರವಾಗಿ 'ಡಂಜನ್ಸ್ ಅಂಡ್ ಡ್ರಾಗನ್ಸ್'ನ ನಿಯಮಗಳ ಮೇಲೆಯೇ ನಿಂತಿದೆ. ಇಪ್ಪತ್ತು ಮುಖದ ದಾಳವು ಅದರ ಪರದೆಯ ಮೇಲೆ ಇಂದಿಗೂ ಉರುಳುತ್ತದೆ. ಆಟವಲ್ಲದ ಕ್ಷೇತ್ರಗಳಿಗೂ ಈ ಲೆಕ್ಕ ಹರಡಿದೆ. ಮೊಬೈಲಿನಲ್ಲಿ ಪರಭಾಷೆಯನ್ನು ಕಲಿಯುವವರೂ ಈಗ ಅನುಭವಾಂಕಗಳನ್ನು ಕೂಡಿಡುತ್ತಾರೆ. ಅಲ್ಲಿ ವಧೆ ಇಲ್ಲದಿರುವುದು ಸಮಾಧಾನದ ವಿಷಯವಾದರೂ ಕೂಡಿಡುವ ಚಪಲ ಅದೇ.

ಆದರೆ ಇತಿಹಾಸವು ಇಷ್ಟೇ ಆಗಿದ್ದರೆ ನಾನು ಈ ಲೇಖನವನ್ನು ಬರೆಯುತ್ತಿರಲಿಲ್ಲ. ಇದೇ ಪರಂಪರೆಯ ಒಳಗಿನಿಂದಲೇ ಒಂದು ಪಶ್ಚಾತ್ತಾಪ ಹುಟ್ಟಿತು.

ಗ್ಯಾರಿಯಟ್ ಅವರ ಮೊದಲ ಆಟಗಳಲ್ಲಿ ಜನರು ಬೇಗ ಗೆಲ್ಲುವ ಆತುರದಿಂದ ಅಂಗಡಿಗಳಲ್ಲಿ ಕದಿಯುತ್ತಿದ್ದರು, ನಿರಪರಾಧಿ ಊರವರನ್ನು ಕೊಲ್ಲುತ್ತಿದ್ದರು. ಆಟದ ರಚನೆಯೇ ಅದಕ್ಕೆ ಪ್ರತಿಫಲ ಕೊಡುತ್ತಿತ್ತು. ಆಡಿದವರೂ ಅವರ ಮನೆಯವರೂ ಬರೆದ ಪತ್ರಗಳನ್ನು ಓದಿದ ಗ್ಯಾರಿಯಟ್ ಚಿಂತೆಗೀಡಾದರು. ಅದರ ಫಲವಾಗಿ 1985ರಲ್ಲಿ ಹೊರಬಂದುದು 'ಅಲ್ಟಿಮಾ 4: ಕ್ವೆಸ್ಟ್ ಆಫ್ ದಿ ಅವತಾರ್'. ಇದರಲ್ಲಿ ಸಂಹರಿಸಬೇಕಾದ ಅಂತಿಮ ದುಷ್ಟನೇ ಇಲ್ಲ. ಸತ್ಯ, ಪ್ರೇಮ, ಧೈರ್ಯ ಎಂಬ ಮೂರು ತತ್ತ್ವಗಳಿಂದ ಹುಟ್ಟಿದ ಪ್ರಾಮಾಣಿಕತೆ, ಅನುಕಂಪೆ, ಶೌರ್ಯ, ನ್ಯಾಯ, ತ್ಯಾಗ, ಗೌರವ, ಆಧ್ಯಾತ್ಮಿಕತೆ, ವಿನಯ ಎಂಬ ಎಂಟು ಗುಣಗಳನ್ನು ಸಾಧಿಸಿ 'ಅವತಾರ'ವಾಗುವುದೇ ಗುರಿ. ಆ ಪದವನ್ನು ಭಾರತೀಯ ಗ್ರಂಥಗಳಿಂದಲೇ ತೆಗೆದುಕೊಂಡುದು. ಒಂದೊಂದು ಗುಣಕ್ಕೆ ಒಂದೊಂದು ದೇಗುಲ. ಅಲ್ಲಿ ಕುಳಿತು ಮಂತ್ರ ಜಪಿಸಿ ಧ್ಯಾನ ಮಾಡಬೇಕು. ಆಧ್ಯಾತ್ಮಿಕತೆಯ ಮಂತ್ರ 'ಓಂ'. ನಮ್ಮ ದಶಲಕ್ಷಣ ಧರ್ಮವನ್ನು ಬಲ್ಲವರಿಗೆ ಈ ಪಟ್ಟಿಯು ಬಾಲಿಶವೆನಿಸಬಹುದು. ನನಗೆ ಹಾಗೆನಿಸಲಿಲ್ಲ.

ಏಕೆಂದರೆ ಅದರ ಒಳರಚನೆಯಲ್ಲಿ ಒಂದು ವಿವೇಕವಿದೆ. ಮೂಲಿಕೆಗಳನ್ನು ಮಾರುವ ಕುರುಡಿಯೊಬ್ಬಳು ಆಟದಲ್ಲಿ ಬರುತ್ತಾಳೆ. ಬೆಲೆಯನ್ನು ಹೇಳಿ, ನಾಣ್ಯಗಳನ್ನು ಎಣಿಸಿಡುವ ಕೆಲಸವನ್ನು ಕೊಳ್ಳುವವನಿಗೇ ಬಿಡುತ್ತಾಳೆ. ಕಡಿಮೆ ಕೊಟ್ಟರೂ ಅವಳು ಏನೂ ಅನ್ನುವುದಿಲ್ಲ. ಪರದೆಯ ಮೇಲೆ ಯಾವ ಎಚ್ಚರಿಕೆಯೂ ಮೂಡುವುದಿಲ್ಲ. ಆದರೆ ಒಳಗೆ ಎಲ್ಲಿಯೋ ಒಂದು ಲೆಕ್ಕ ಕಡಿಮೆಯಾಗುತ್ತದೆ. ಬಹಳ ದಿನಗಳ ನಂತರ ಸಾಧಕನು ತಾನು ಮುಂದೆ ಸಾಗಲಾರೆನೆಂದು ಅರಿತಾಗ ಕಾರಣವನ್ನು ತನ್ನ ನಡತೆಯಲ್ಲಿಯೇ ಹುಡುಕಬೇಕು. ಸ್ವಭಾವತಃ ದುಷ್ಟವಲ್ಲದ ಜಂತುಗಳು ಎದುರಾಗಿ ಓಡಿಹೋಗುತ್ತಿದ್ದರೆ ಅವನ್ನು ಬೆನ್ನಟ್ಟಿ ಕೊಲ್ಲುವವನು ಅನುಕಂಪೆಯನ್ನು ಕಳೆದುಕೊಳ್ಳುತ್ತಾನೆ. ಗುಣಗಳ ಅಂಕಿಗಳನ್ನು ಆಟ ತೋರಿಸುವುದೇ ಇಲ್ಲ. ಅರಮನೆಯಲ್ಲಿರುವ ಜ್ಞಾನಿಯೊಬ್ಬನು ಕೇಳಿದಾಗ ಸೂಚ್ಯವಾಗಿ ತಿಳಿಸುತ್ತಾನೆ, ಅಷ್ಟೆ. ಕಣ್ಣಿಗೆ ಕಾಣದೆ ಆತ್ಮಪ್ರದೇಶಗಳಿಗೆ ಅಂಟಿಕೊಳ್ಳುವ ಕರ್ಮಾಣುಗಳ ಕಲ್ಪನೆಯುಳ್ಳ ನಮಗೆ ಇದಕ್ಕಿಂತ ಹತ್ತಿರದ ಆಟ ಯಾವುದಿದ್ದೀತು? ಪಶ್ಚಿಮ ಭಾರತದ ಜೈನರಲ್ಲಿ ಎಂಬತ್ತನಾಲ್ಕು ಮನೆಗಳ ಜ್ಞಾನಬಾಜಿ ಪ್ರಚಲಿತವಿತ್ತು, ನಿಜ. ಆದರೆ ಅಲ್ಲಿ ಹಾವಿನ ಬಾಯಿಗೂ ಏಣಿಯ ಬುಡಕ್ಕೂ ಒಯ್ಯುವುದು ದಾಳ. ಆಡುವವನ ಪುರುಷಾರ್ಥಕ್ಕೆ ಎಡೆಯಿಲ್ಲ. ಈ ದೃಷ್ಟಿಯಿಂದ, ಹೇಳಲು ಸಂಕೋಚವಾದರೂ, ಗ್ಯಾರಿಯಟ್ ಅವರ ಆಟವೇ ಹೆಚ್ಚು ಶಾಸ್ತ್ರಸಮ್ಮತವೆಂದು ನನ್ನ ಅಭಿಪ್ರಾಯ.

ಅದರಲ್ಲಿಯೂ ಕೊರತೆ ಇಲ್ಲದಿಲ್ಲ. ದುಷ್ಟರ ಎದುರಿನಿಂದ ಓಡಿದರೆ ಶೌರ್ಯ ನಷ್ಟವಾಗುತ್ತದೆ. ಕೊಂದರೆ ಅನುಭವಾಂಕ ಎಂದಿನಂತೆ ಲಭಿಸುತ್ತದೆ. ಗುಣದ ಖಾತೆ ಒಂದು, ವಧೆಯ ಖಾತೆ ಒಂದು, ಎರಡೂ ಒಂದೇ ಯಂತ್ರದಲ್ಲಿ. ವಿರೋಧಿಹಿಂಸೆಯನ್ನು ಗೃಹಸ್ಥನಿಗೆ ಅನಿವಾರ್ಯವೆಂದು ಒಪ್ಪುವುದು ಬೇರೆ, ಅದನ್ನು ಗುಣವೆಂದು ಎಣಿಸುವುದು ಬೇರೆ. 1988ರ 'ಅಲ್ಟಿಮಾ 5'ರಲ್ಲಿ ಅದೇ ಎಂಟು ಗುಣಗಳನ್ನು ಕ್ರೂರ ಆಳರಸನೊಬ್ಬನು ದಂಡನೆಯ ಕಾನೂನುಗಳನ್ನಾಗಿಸಿ ಜನರನ್ನು ಪೀಡಿಸುವ ಕಥೆಯಿದೆ. ವ್ರತವನ್ನು ಬಲಾತ್ಕಾರದಿಂದ ಹೇರಿದರೆ ಏನಾಗುವುದೆಂದು ತಿಳಿಯಬಯಸುವ ಪಾಲಕರು ಅದನ್ನೊಮ್ಮೆ ನೋಡಬಹುದು.

ಈ ಎರಡನೆಯ ಆಸ್ತಿಯನ್ನು ಮುಂದಿನವರು ಹೇಗೆ ಬಳಸಿಕೊಂಡರು? ಹೆಚ್ಚಿನವರು ಹೊರಕವಚವನ್ನು ಮಾತ್ರ ತೆಗೆದುಕೊಂಡರು. 1997ರ 'ಫಾಲೌಟ್' ನಡತೆಯ ಲೆಕ್ಕಕ್ಕೆ 'ಕರ್ಮ' ಎಂದೇ ಹೆಸರಿಟ್ಟಿತು. ಸ್ಟಾರ್ ವಾರ್ಸ್ ಕಥಾಲೋಕದ, 2003ರ 'ನೈಟ್ಸ್ ಆಫ್ ದಿ ಓಲ್ಡ್ ರಿಪಬ್ಲಿಕ್' ಬೆಳಕು ಕತ್ತಲೆಗಳ ಅಳತೆಪಟ್ಟಿಯನ್ನು ಪರದೆಯ ಮೇಲೆಯೇ ತೋರಿಸಿತು. ಲೆಕ್ಕ ಕಣ್ಣಿಗೆ ಕಂಡೊಡನೆ ಗುಣವೂ ನಾಣ್ಯವಾಯಿತು. ಈ ದೋಷದ ಬೀಜ 'ಅಲ್ಟಿಮಾ 4'ರಲ್ಲಿಯೇ ಇತ್ತೆನ್ನಬೇಕು. ಭಿಕ್ಷುಕನಿಗೆ ಒಂದೊಂದೇ ನಾಣ್ಯವನ್ನು ಮತ್ತೆ ಮತ್ತೆ ಕೊಟ್ಟು ಅನುಕಂಪೆಯನ್ನು ಬೆಳೆಸಿಕೊಳ್ಳುವ ಉಪಾಯವನ್ನು ಜಾಣ ಆಟಗಾರರು ಅಂದೇ ಕಂಡುಕೊಂಡಿದ್ದರು. ದಾನವೂ ಬೀಸುಕಲ್ಲಿಗೆ ಬಿದ್ದಿತು.

'ಫಾಲೌಟ್' ಆಟದ ಒಂದು ಪ್ರಸಂಗವನ್ನಂತೂ ನಮ್ಮ ಪಂಡಿತರ ಮುಂದಿಡಬೇಕು. ಅಣುಯುದ್ಧದ ನಂತರದ ಹಾಳು ಲೋಕದಲ್ಲಿ ಮನುಷ್ಯರನ್ನೆಲ್ಲ ರೂಪಾಂತರಗೊಳಿಸಿ ಹೊಸ ಜನಾಂಗವನ್ನು ಸೃಷ್ಟಿಸಹೊರಟ 'ಮಾಸ್ಟರ್' ಎಂಬ ಪ್ರತಿನಾಯಕನಿದ್ದಾನೆ. ಅವನೊಡನೆ ಯುದ್ಧ ಮಾಡದೆಯೂ ಗೆಲ್ಲಬಹುದು. ಅವನ ಹೊಸ ಜನಾಂಗವು ಸಂತಾನಹೀನವಾಗಿದೆಯೆಂಬ ಪ್ರಮಾಣವನ್ನು ತೋರಿಸಿ ಮಾತಿನಿಂದ ಮನಗಾಣಿಸಿದರೆ ಅವನು ಹತಾಶನಾಗಿ ತನ್ನ ನೆಲೆಯನ್ನೂ ತನ್ನನ್ನೂ ತಾನೇ ಸ್ಫೋಟಿಸಿಕೊಳ್ಳುತ್ತಾನೆ. ಆಟಗಾರರು ಇದನ್ನು ಅಹಿಂಸೆಯ ಮಾರ್ಗವೆಂದು ಕೊಂಡಾಡುತ್ತಾರೆ. ಕೈಗೆ ರಕ್ತ ಅಂಟಲಿಲ್ಲ, ಹೌದು. ಆದರೆ ಕಾರಿತ ಎಂಬ ಪದ ನಮ್ಮಲ್ಲಿ ಏತಕ್ಕಿದೆ? ಆಡಿದ ಮಾತು ಸತ್ಯವಾದುದರಿಂದ ದೋಷವಿಲ್ಲವೆನ್ನೋಣವೆಂದರೆ, ಪರಪೀಡೆಗೆ ಕಾರಣವಾಗುವ ಸತ್ಯವನ್ನೂ ಶ್ರಾವಕನು ನುಡಿಯಬಾರದೆಂದು ಸತ್ಯಾಣುವ್ರತದಲ್ಲಿ ಹೇಳಿದೆ. ಪಾಠಶಾಲೆಯಲ್ಲಿ ಈ ಪ್ರಸಂಗದ ಮೇಲೆ ಒಂದು ಸಂಜೆಯಿಡೀ ಚರ್ಚೆ ನಡೆದು ಒಮ್ಮತಕ್ಕೆ ಬರಲಾಗಲಿಲ್ಲ.

ತಿರುಳನ್ನು ಗ್ರಹಿಸಿದ ಕೃತಿಗಳು ವಿರಳ, ಇಲ್ಲದಿಲ್ಲ. 1999ರ 'ಪ್ಲೇನ್‌ಸ್ಕೇಪ್: ಟಾರ್ಮೆಂಟ್'ನ ನಾಯಕನಿಗೆ ಹೆಸರಿಲ್ಲ, ಮರಣವಿಲ್ಲ. ಸತ್ತಂತಾಗಿ ಏಳುವಾಗ ಹಿಂದಿನದನ್ನೆಲ್ಲ ಮರೆತಿರುತ್ತಾನೆ. ತಾನು ನೆನಪಿಡದ ಪೂರ್ವಜೀವನಗಳಲ್ಲಿ ಮಾಡಿದ ದ್ರೋಹಗಳು ಒಂದೊಂದಾಗಿ ಎದುರು ಬರುತ್ತವೆ. ಅವನು ಸತ್ತಾಗಲೆಲ್ಲ ಅವನ ಬದಲಿಗೆ ಬೇರೊಬ್ಬರು ಸತ್ತಿರುತ್ತಾರೆ, ಅವರ ನೆರಳುಗಳು ಅವನನ್ನು ಬೇಟೆಯಾಡುತ್ತವೆ. ಭವಾವಳಿಯ ಕಥೆಗಳನ್ನು ಕೇಳಿ ಬೆಳೆದವರಿಗೆ ಇದು ಅಪರಿಚಿತವೆನಿಸದು. 2019ರ 'ಡಿಸ್ಕೊ ಎಲಿಸಿಯಮ್' ಆ ಆಟದಿಂದ ಪ್ರಭಾವಿತವಾಗಿ, ಕಾದಾಟದ ವ್ಯವಸ್ಥೆಯನ್ನೇ ಕೈಬಿಟ್ಟು ಸಂಭಾಷಣೆಯಿಂದಲೇ ನಡೆಯುತ್ತದೆ.

ಎಲ್ಲಕ್ಕಿಂತ ನನ್ನನ್ನು ತಡೆದು ನಿಲ್ಲಿಸಿದ್ದು 2015ರಲ್ಲಿ ಟೋಬಿ ಫಾಕ್ಸ್ ಎಂಬ ತರುಣನು ರಚಿಸಿದ 'ಅಂಡರ್‌ಟೇಲ್'. ನೋಟಕ್ಕೆ ಅದು ಹಳೆಯ ಜಪಾನೀ ಆಟಗಳಂತೆಯೇ ಇದೆ. ಎದುರಾಳಿಗಳು ಬರುತ್ತಾರೆ, ಕೊಂದರೆ ಅಂಕ ಬರುತ್ತದೆ, ಮಟ್ಟ ಏರುತ್ತದೆ. ಆದರೆ ಪ್ರತಿಯೊಬ್ಬರನ್ನೂ ಮಾತಿನಿಂದ, ತಾಳ್ಮೆಯಿಂದ ಒಲಿಸಿಕೊಂಡು ಕ್ಷಮಿಸಿ ಬಿಡಲೂಬಹುದು. ಕೊನೆಗೆ ತಿಳಿಯುವ ಸಂಗತಿಯೆಂದರೆ, ಇಲ್ಲಿ ಆ ಅಂಕದ ಅರ್ಥ ಅನುಭವವಲ್ಲ, ವಧೆಯ ಎಣಿಕೆ; ಮಟ್ಟವೆಂದುಕೊಂಡದ್ದು ಹಿಂಸೆಯ ಮಟ್ಟ. ನಾಲ್ಕು ದಶಕಗಳ ಗಣಿತವನ್ನು ಒಂದೇ ವಾಕ್ಯದಲ್ಲಿ ತಲೆಕೆಳಗು ಮಾಡಿದ ಹಾಗಾಯಿತು. ಇನ್ನೊಂದು ಸೂಕ್ಷ್ಮವಿದೆ. ಆರಂಭದಲ್ಲಿ ತಾಯಿಯಂತೆ ಸಲಹುವ ಪಾತ್ರವೊಂದನ್ನು ಹಲವರು ದಾರಿಗಾಣದೆ ಕೊಂದುಬಿಡುತ್ತಾರೆ. ಪಶ್ಚಾತ್ತಾಪಗೊಂಡು, ಆಟವನ್ನು ಹಿಂದಿನ ಹಂತಕ್ಕೆ ತಿರುಗಿಸಿ, ಈ ಸಲ ಅವಳನ್ನು ಉಳಿಸುತ್ತಾರೆ. ಆಗ ಹೂವಿನ ರೂಪದ ಪಾತ್ರವೊಂದು ಎದುರಾಗಿ, ನೀನು ಮೊದಲು ಮಾಡಿದ್ದು ನನಗೆ ಗೊತ್ತಿದೆ ಎಂಬರ್ಥದ ಮಾತನ್ನಾಡುತ್ತದೆ. ಹುಡುಕಿ ಹುಡುಕಿ ಎಲ್ಲರನ್ನೂ ಕೊಂದು ಮುಗಿಸಿದವನು ಮುಂದೆ ಹೊಸದಾಗಿ ಆರಂಭಿಸಿ ಒಬ್ಬರನ್ನೂ ಕೊಲ್ಲದೆ ಆಡಿದರೂ ಅಂತ್ಯದಲ್ಲಿ ಒಂದು ಕಲೆ ಉಳಿದೇ ಇರುತ್ತದೆ. ಆಟವನ್ನು ಅಳಿಸಿ ಮತ್ತೆ ಆರಂಭಿಸಬಹುದು, ಬಂಧವನ್ನು ಅಳಿಸಲಾಗದು.

ಇಷ್ಟನ್ನೆಲ್ಲ ನೋಡಿದ ಮೇಲೆ ಯುವಕನಿಗೆ ನಾನು ಕೊಟ್ಟ ಉತ್ತರ ಹೀಗಿತ್ತು. ಪರದೆಯ ಮೇಲಿನ ವಧೆಯಲ್ಲಿ ದ್ರವ್ಯಹಿಂಸೆ ಇಲ್ಲ. ಅಣುವ್ರತ ಭಂಗವಾಯಿತೆಂದು ಹೇಳಲು ನನಗೆ ಅಧಿಕಾರವಿಲ್ಲ, ಹಾಗೆಂದು ನನಗೆ ಅನ್ನಿಸುವುದೂ ಇಲ್ಲ. ಆದರೆ ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ವಿವರಿಸಿದ ಅನರ್ಥದಂಡಗಳಲ್ಲಿ ಅಪಧ್ಯಾನವೂ ದುಃಶ್ರುತಿಯೂ ಇವೆ. ರೌದ್ರಧ್ಯಾನದ ಲಕ್ಷಣವು ಹಿಂಸೆಯಲ್ಲಿ ಆನಂದ, ಸುಳ್ಳಿನಲ್ಲಿ ಆನಂದ, ಕಳವಿನಲ್ಲಿ ಆನಂದ, ಸಂಗ್ರಹದ ರಕ್ಷಣೆಯಲ್ಲಿ ಆನಂದ. ಈ ನಾಲ್ಕನ್ನೂ ಒಂದೇ ಸಂಜೆಯಲ್ಲಿ ಒದಗಿಸಬಲ್ಲ ಆಟಗಳಿವೆ. ಭಾವವು ತೀವ್ರವೋ ಮಂದವೋ, ಅರಿತು ಮಾಡಿದ್ದೋ ಅರಿಯದೆಯೋ ಎಂಬುದರ ಮೇಲೆ ಆಸ್ರವದ ಪ್ರಮಾಣ ನಿಲ್ಲುತ್ತದೆ. ಎಲ್ಲ ಆಟಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಅದು ವಧೆಯಿಂದ ನಿನ್ನನ್ನು ಬೆಳೆಸುತ್ತದೆಯೋ ಇಲ್ಲವೋ ಎಂಬುದನ್ನು ನೀನೇ ನೋಡಿಕೋ.

ಕೆಲವು ವಾರಗಳ ನಂತರ ಅವನು ಮತ್ತೆ ಬಂದನು. 'ಅಂಡರ್‌ಟೇಲ್' ಆಟವನ್ನು ಒಬ್ಬರನ್ನೂ ಕೊಲ್ಲದೆ ಮುಗಿಸಿದ್ದನಂತೆ. ಆದರೆ ಮುಖದಲ್ಲಿ ಹರ್ಷವಿರಲಿಲ್ಲ. "ಹಾಗೆ ಆಡಿದರೆ ಮಾತ್ರ ಒಳ್ಳೆಯ ಅಂತ್ಯ ದೊರೆಯುತ್ತದೆಂದು ನನಗೆ ಮೊದಲೇ ತಿಳಿದಿತ್ತು. ಅದಕ್ಕಾಗಿಯೇ ಎಲ್ಲರನ್ನೂ ಬಿಟ್ಟೆ. ಇದು ಅಹಿಂಸೆಯಾಯಿತೆ?" ಎಂದು ಕೇಳಿದನು. ಮಾಯೆ, ಮಿಥ್ಯೆ, ನಿದಾನ ಎಂಬ ಮೂರು ಶಲ್ಯಗಳಲ್ಲಿ ಇದು ಮೂರನೆಯದು, ಫಲವನ್ನು ಬಯಸಿ ಆಚರಿಸಿದ ವ್ರತವು ಶಲ್ಯಸಹಿತವೆಂದು ನಾನು ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನಮ್ಮ ಗ್ರಂಥಗಳಲ್ಲಿ ಪ್ರತಿಯೊಂದು ವ್ರತದ ಕಥೆಗೂ ಕೊನೆಯಲ್ಲಿ ಸ್ವರ್ಗವನ್ನು ಏಕೆ ಮೊದಲೇ ಹೇಳಿಟ್ಟಿದ್ದಾರೆ?" ಎಂದನು.

ಬರುವ ವರ್ಷಾಯೋಗದಲ್ಲಿ ನಮ್ಮೂರಿಗೆ ಆಗಮಿಸಲಿರುವ ಮುನಿಗಳ ಮುಂದೆ ಈ ಪ್ರಶ್ನೆಯನ್ನಿಡುವುದೆಂದು ಇಬ್ಬರೂ ನಿಶ್ಚಯಿಸಿದ್ದೇವೆ.